ಸಾಲ, ಯುಪಿಐ, ರೀಕಾನ್: ಎಕ್ಸೆಲ್ ಶೀಟಿನಿಂದ ಬ್ಯಾಕ್‌ಸ್ಟೇಜ್ ಕ್ಯಾಟಲಾಗ್‌ಗೆ ವರ್ಕ್‌ಫ್ಲೋ ಸಾಗಿಸೋದು ಹೇಗೆ

ಕೋರಮಂಗಲದಿಂದ ಬೆಳ್ಳಂದೂರಿನವರೆಗೆ ಯಾವ ಫಿನ್‌ಟೆಕ್ ಆಫೀಸಿಗೆ ಹೋದರೂ ಒಂದು ಎಕ್ಸೆಲ್ ಶೀಟ್ ಇದ್ದೇ ಇರುತ್ತದೆ. ಹೆಸರು 'ಸರ್ವೀಸ್ ಲಿಸ್ಟ್ ಫೈನಲ್' ಅಂತಲೋ 'ಫೈನಲ್ 2' ಅಂತಲೋ. ಯಾವ ಸರ್ವೀಸ್ ಯಾರದ್ದು, ಯಾವ ಜಾಬ್ ಎಷ್ಟು ಗಂಟೆಗೆ ಓಡುತ್ತದೆ, ಯಾವ ಬ್ಯಾಂಕಿನ ಫೈಲ್ ಎಲ್ಲಿ ಬಂದು ಬೀಳುತ್ತದೆ, ಎಲ್ಲಾ ಅದರಲ್ಲೇ. ಅರ್ಧ ಸಾಲುಗಳಲ್ಲಿ ಓನರ್ ಅಂತ ಇರುವುದು ಕೆಲಸ ಬಿಟ್ಟು ಹೋದವರ ಹೆಸರು. ಈಗ ಮೇಲಿನವರು 'ಬ್ಯಾಕ್‌ಸ್ಟೇಜ್‌ಗೆ ಹೋಗೋಣ' ಅಂದಿದ್ದಾರೆ, ಕೆಲಸ ನಿಮ್ಮ ತಲೆಗೆ ಬಂದಿದೆ. ಈ ಬರಹ ನಿಮಗೆ.

ಬ್ಯಾಕ್‌ಸ್ಟೇಜ್ ಅನ್ನೋದು ಸ್ಪಾಟಿಫೈ ಕಂಪನಿ ತನ್ನ ಇಂಜಿನಿಯರುಗಳಿಗಾಗಿ ಕಟ್ಟಿಕೊಂಡ ಪೋರ್ಟಲ್. 2020ರ ಮಾರ್ಚ್‌ನಲ್ಲಿ ಅದನ್ನು ಓಪನ್ ಸೋರ್ಸ್ ಮಾಡಿದರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ, ಓಪನ್ ಸೋರ್ಸ್ ಯೋಜನೆಗಳನ್ನು ನೋಡಿಕೊಳ್ಳುವ ಸಿಎನ್‌ಸಿಎಫ್ ಸಂಸ್ಥೆಯ ಆಶ್ರಯಕ್ಕೆ ಸೇರಿತು. ಅದರ ಹೊಟ್ಟೆಯೊಳಗಿನ ಮುಖ್ಯ ಭಾಗವೇ ಸಾಫ್ಟ್‌ವೇರ್ ಕ್ಯಾಟಲಾಗ್, ಅಂದರೆ ಯಾವ ಸರ್ವೀಸ್ ಯಾರದ್ದು, ಯಾವುದಕ್ಕೆ ಯಾವುದು ಬೇಕು ಅನ್ನೋ ಪಟ್ಟಿ. ಇನ್‌ಸ್ಟಾಲ್ ಮಾಡೋದು ದೊಡ್ಡ ವಿಷಯ ಅಲ್ಲ, ಡಾಕ್ಯುಮೆಂಟೇಶನ್ ಚೆನ್ನಾಗಿದೆ. ಕಷ್ಟ ಇರುವುದು ಬೇರೆ ಕಡೆ. ದುಡ್ಡು ಓಡಾಡುವ ಪ್ರತಿ ವರ್ಕ್‌ಫ್ಲೋ ನಿಜವಾಗಿ ಯಾರದ್ದು ಅಂತ ಒಬ್ಬರೂ ಬಾಯಿಬಿಟ್ಟು ಹೇಳಿರುವುದಿಲ್ಲ. ಅದನ್ನು ಇತ್ಯರ್ಥ ಮಾಡದೆ ಯಾಮೆಲ್ (ಕ್ಯಾಟಲಾಗ್ ಓದುವ ಮಾಹಿತಿ ಫೈಲು) ಬರೆಯಲು ಕೂತರೆ ಹಳೇ ಶೀಟಿನ ಸುಳ್ಳೇ ಹೊಸ ಸ್ಕ್ರೀನ್ ಮೇಲೆ ಚೆಂದವಾಗಿ ಕಾಣುತ್ತದೆ, ಅಷ್ಟೇ.

ಯಾವುದನ್ನು ಮುಟ್ಟಬಾರದು

ಕ್ಯಾಟಲಾಗ್ ಯಾವ ವರ್ಕ್‌ಫ್ಲೋವನ್ನೂ ಓಡಿಸುವುದಿಲ್ಲ. ಇದನ್ನು ಮೊದಲ ಮೀಟಿಂಗಿನಲ್ಲೇ ಎಲ್ಲರಿಗೂ ಹೇಳಿ, ಮುಖ್ಯವಾಗಿ ರಿಸ್ಕ್ ಟೀಮಿಗೆ. ಮೆಜೆಸ್ಟಿಕ್‌ನಲ್ಲಿ ಪ್ಲಾಟ್‌ಫಾರಂ ಬೋರ್ಡ್ ಬದಲಾಯಿಸಿದರೆ ಬಸ್ಸಿನ ದಾರಿ ಬದಲಾಗುತ್ತದಾ? ಇಲ್ಲ. ಇಲ್ಲೂ ಹಾಗೇ. ವರ್ಕ್‌ಫ್ಲೋ ಓಡಿಸುವ ನಿಮ್ಮ ಟೆಂಪೊರಲ್, ಕಮುಂಡಾ, ಏರ್‌ಫ್ಲೋ, ಗೊತ್ತಾದ ಸಮಯಕ್ಕೆ ತಾನಾಗಿ ಏಳುವ ಹಳೇ ಕ್ರಾನ್ ಜಾಬ್, ಎಲ್ಲಾ ಇದ್ದಲ್ಲೇ ಇರುತ್ತವೆ. ಸಾಗುವುದು ಅವುಗಳ ಬಗ್ಗೆ ನಮಗಿರುವ ಮಾಹಿತಿ.

'ಹೇಗೂ ಕೈ ಹಾಕಿದ್ದೀವಿ, ಏರ್‌ಫ್ಲೋ ವರ್ಶನ್ನೂ ಏರಿಸಿಬಿಡೋಣ' ಅಂತ ಒಬ್ಬರಾದರೂ ಹೇಳೇ ಹೇಳುತ್ತಾರೆ. ಬೇಡ ಅನ್ನಿ. ಎರಡನ್ನೂ ಒಟ್ಟಿಗೆ ಮಾಡಿ ಇಎಂಐ ಜಾಬ್ ಒಂದು ದಿನ ನಿಂತರೆ, ಯಾವುದರಿಂದ ನಿಂತಿತು ಅಂತ ಹುಡುಕೋದರಲ್ಲೇ ದಿನ ಕಳೆಯುತ್ತದೆ. ಆಮೇಲೆ ಕ್ಯಾಟಲಾಗ್ ಅಂದರೆ ಸಾಕು, ಯಾರೂ ಹತ್ತಿರ ಬರುವುದಿಲ್ಲ.

ಆದರೂ ಒಂದು ಅಪಾಯ ಇದೆ. ಬಹಳ ಜನರಿಗೆ ಇದು ಹೊಳೆಯುವುದಿಲ್ಲ. ಕ್ಯಾಟಲಾಗ್‌ಗೆ ಬೇಕಾದ ಮಾಹಿತಿಯ ಫೈಲು, ಅಂದರೆ ಕ್ಯಾಟಲಾಗ್-ಇನ್ಫೋ ಅನ್ನೋ ಯಾಮೆಲ್ ಫೈಲು, ಸಾಮಾನ್ಯವಾಗಿ ಸರ್ವೀಸಿನ ರೆಪೊ (ಕೋಡ್ ಇಡುವ ಜಾಗ) ಒಳಗೇ ಇರುತ್ತದೆ. ಆ ಫೈಲನ್ನು ಮೇನ್ ಬ್ರಾಂಚಿಗೆ ಮರ್ಜ್ ಮಾಡಿದ ತಕ್ಷಣ, ಅದು ಬರೀ ಹತ್ತು ಸಾಲಿನ ಮಾಹಿತಿ ಅಂತ ಕೋಡನ್ನು ತಾನೇ ಹೊರಗೆ ಬಿಡುವ ಪೈಪ್‌ಲೈನಿಗೆ ಏನು ಗೊತ್ತು, ಅದು ಎಂದಿನಂತೆ ಬಿಲ್ಡ್ ಮಾಡಿ ಪ್ರೊಡಕ್ಷನ್‌ಗೆ ಡಿಪ್ಲಾಯ್ ಮಾಡಿಬಿಡುತ್ತದೆ, ಜೊತೆಗೆ ಹಿಂದಿನ ವಾರ ಯಾರೋ ಮರ್ಜ್ ಮಾಡಿ 'ಸೋಮವಾರ ಬಿಡೋಣ' ಅಂತ ಇಟ್ಟಿದ್ದ ಕೋಡೂ ಹೊರಗೆ ಹೋಗುತ್ತದೆ. ಪೇಮೆಂಟ್ ಸರ್ವೀಸಿನಲ್ಲಿ ಹೀಗಾದರೆ ಉತ್ತರ ಕೊಡೋದು ಕಷ್ಟ. ಅದಕ್ಕೆ ಮೊದಲ ಕೆಲಸ ಇದು: ಈ ಒಂದು ಫೈಲ್ ಬದಲಾದರೆ ಡಿಪ್ಲಾಯ್ ಆಗಬಾರದು ಅಂತ ಪ್ರತಿ ಪೈಪ್‌ಲೈನಿನಲ್ಲಿ ಪಾತ್ ಫಿಲ್ಟರ್ ಹಾಕಿಸಿ. ಪೈಪ್‌ಲೈನ್ ಅಷ್ಟು ಹಳೆಯದು, ಫಿಲ್ಟರ್ ಹಾಕೋಕೆ ಆಗಲ್ಲ ಅಂದರೆ, ಮಾಹಿತಿ ಫೈಲುಗಳಿಗೆಂದೇ ಒಂದು ಬೇರೆ ರೆಪೊ ಮಾಡಿ. ಬ್ಯಾಕ್‌ಸ್ಟೇಜ್‌ಗೆ ಫೈಲ್ ಎಲ್ಲಿದ್ದರೂ ನಡೆಯುತ್ತದೆ.

ಕ್ಯಾಲೆಂಡರ್ ನೋಡಿ ಶುರು ಮಾಡಿ

ರಾತ್ರಿ ಬ್ಯಾಂಕು ಮುಚ್ಚಿರುತ್ತದೆ, ಆಗ ಮಾಡೋಣ ಅನ್ನುವ ಕಾಲ ಹೋಯಿತು. ನೆಫ್ಟ್ 2019ರ ಡಿಸೆಂಬರಿನಿಂದ, ಆರ್‌ಟಿಜಿಎಸ್ 2020ರ ಡಿಸೆಂಬರಿನಿಂದ ದಿನದ 24 ಗಂಟೆಯೂ ನಡೆಯುತ್ತಿವೆ. 2021ರ ಆಗಸ್ಟ್ 1ರಿಂದ, ಖಾತೆಯಿಂದ ಇಎಂಐ ಕಟ್ ಮಾಡುವ ನಾಚ್ ವ್ಯವಸ್ಥೆ ಕೂಡ ಭಾನುವಾರ, ಹಬ್ಬ ಅನ್ನದೆ ಓಡುತ್ತದೆ. ಅಂದರೆ ಇಎಂಐ ಭಾನುವಾರವೂ ಕಟ್ ಆಗುತ್ತದೆ, ಅವತ್ತೂ ಯಾರೋ ಒಬ್ಬರು ರೀಕಾನ್ (ಬ್ಯಾಂಕಿನ ಲೆಕ್ಕಕ್ಕೂ ನಮ್ಮ ಲೆಕ್ಕಕ್ಕೂ ತಾಳೆ) ನೋಡುತ್ತಿರುತ್ತಾರೆ.

ತಿಂಗಳ ಮೊದಲ ವಾರ ಇಎಂಐ ಗಲಾಟೆ, ಕೊನೇ ಮೂರು ದಿನ ಕ್ಲೋಸಿಂಗ್. ಮಾರ್ಚ್ ಕೊನೆಯಂತೂ ಕೇಳಲೇಬೇಡಿ. ಯುಗಾದಿ ಎಷ್ಟೋ ಸಲ ವರ್ಷದ ಕ್ಲೋಸಿಂಗ್ ಹತ್ತಿರವೇ ಬರುತ್ತದೆ, ಫೈನಾನ್ಸ್‌ನವರು ಹೋಳಿಗೆ ತಿಂದು ಲ್ಯಾಪ್‌ಟಾಪ್ ತೆಗೆದು ಕೂತಿರುತ್ತಾರೆ. ದಸರಾ ವಾರದಲ್ಲಿ ಅರ್ಧ ಟೀಮ್ ಊರಿಗೆ ಹೋಗಿರುತ್ತದೆ. ನಿಮಗೆ ಬೇಕಾದ್ದು ಜನರ ಸಮಯ, ಸರ್ವರಿನ ಸಮಯ ಅಲ್ಲ. ಹಾಗಾಗಿ ತಿಂಗಳ 8ರಿಂದ 24ರ ನಡುವೆ ಮೀಟಿಂಗ್ ಹಾಕಿಕೊಳ್ಳಿ. ಬೇರೆ ದಿನ ಕರೆದರೆ ಬರುತ್ತಾರೆ, ಆದರೆ 'ಹೂಂ ಹೂಂ' ಅಂತ ತಲೆಯಾಡಿಸಿ ಹೋಗುತ್ತಾರೆ.

ದುಡ್ಡಿನ ಹಿಂದೆ ಹೋಗಿ, ರೆಪೊ ಹಿಂದೆ ಅಲ್ಲ

ಜಾಸ್ತಿ ಜನ ಗಿಟ್‌ಹಬ್‌ನಿಂದ ರೆಪೊಗಳ ಪಟ್ಟಿ ತೆಗೆದು ಅಲ್ಲಿಂದ ಶುರು ಮಾಡುತ್ತಾರೆ. ಮುನ್ನೂರು ರೆಪೊ ಇದ್ದರೆ ಮುನ್ನೂರು ಎಂಟ್ರಿ, ಕೆಲಸ ಮುಗೀತು. ನನ್ನ ಪ್ರಕಾರ ಹಣಕಾಸಿನ ಕಂಪನಿಗೆ ಇದು ತಪ್ಪು ದಾರಿ. ಯಾಕೆಂದರೆ ಇಲ್ಲಿನ ಮುಖ್ಯ ಕೆಲಸಗಳಲ್ಲಿ ಕೆಲವಕ್ಕೆ ರೆಪೊನೇ ಇರುವುದಿಲ್ಲ. ಫೈನಾನ್ಸ್ ಟೀಮಿನವರ ಎಕ್ಸೆಲ್ ಮ್ಯಾಕ್ರೋ ಇರುತ್ತದೆ. ಒಂದೇ ಒಂದು ಸರ್ವರಿನಲ್ಲಿ ಕೂತಿರುವ ಶೆಲ್ ಸ್ಕ್ರಿಪ್ಟ್ ಇರುತ್ತದೆ. ಬ್ಯಾಂಕಿನ ಪೋರ್ಟಲ್‌ಗೆ ಲಾಗಿನ್ ಆಗಿ ದಿನಾ ಬೆಳಗ್ಗೆ ಕೈಯಾರೆ ಇಳಿಸಿಕೊಳ್ಳುವ ಸ್ಟೇಟ್‌ಮೆಂಟ್ ಇರುತ್ತದೆ. ಅದೂ ವರ್ಕ್‌ಫ್ಲೋನೇ. ಅದು ನಿಂತರೆ ಲೆಕ್ಕ ತಾಳೆಯಾಗುವುದಿಲ್ಲ.

ಅದಕ್ಕೆ ಒಬ್ಬ ಗ್ರಾಹಕರ 50,000 ರೂಪಾಯಿ ಸಾಲವನ್ನು ಹಿಡಿದುಕೊಂಡು ಅದರ ಹಿಂದೆ ನಡೆಯಿರಿ. ಅರ್ಜಿ ಬಂತು. ಕೆವೈಸಿ ಆಯಿತು. ಸಾಲದ ಇತಿಹಾಸ ಇಟ್ಟುಕೊಳ್ಳುವ ಕ್ರೆಡಿಟ್ ಬ್ಯೂರೋದಿಂದ ವರದಿ ಬಂತು, ಅಂಡರ್‌ರೈಟಿಂಗ್ (ಸಾಲ ಕೊಡಬಹುದಾ ಅನ್ನೋ ತೀರ್ಮಾನ) ಆಯಿತು, ಇ-ಸೈನ್, ಇ-ಮ್ಯಾಂಡೇಟ್ (ಇಎಂಐ ಕಟ್ ಮಾಡಲು ಒಪ್ಪಿಗೆ), ಐಎಂಪಿಎಸ್‌ನಲ್ಲಿ ಹಣ ಹೋಯಿತು, ಲೆಡ್ಜರಿನಲ್ಲಿ ಎಂಟ್ರಿ ಬಿತ್ತು. ಮುಂದಿನ ತಿಂಗಳು ಇಎಂಐ ಬಂತು, ಅಥವಾ ಬೌನ್ಸ್ ಆಯಿತು. ಬೌನ್ಸ್ ಆದರೆ ಯಾವ ಜಾಬ್ ಎದ್ದು ಏನು ಮಾಡುತ್ತದೆ? ಪ್ರತಿ ಹೆಜ್ಜೆಗೂ ಮೂರು ಪ್ರಶ್ನೆ ಕೇಳಿ: ಇದನ್ನು ಯಾವುದು ಶುರು ಮಾಡುತ್ತದೆ, ಇದು ಏನನ್ನು ಓದುತ್ತದೆ, ಎಲ್ಲಿ ಬರೆಯುತ್ತದೆ. ಗೋಡೆ ಮೇಲೆ ಚೀಟಿ ಅಂಟಿಸಿಕೊಂಡು ಮಾಡಿದರೂ ಸರಿ.

ಕೊನೆಯ ಹೆಜ್ಜೆಗಳಲ್ಲಿ ಜಾಸ್ತಿ ಮರೆತುಹೋಗುವುದು ಬ್ಯೂರೋಗೆ ವರದಿ ಕಳಿಸುವ ಜಾಬ್. ಮೊದಲು ತಿಂಗಳಿಗೊಮ್ಮೆ ಕಳಿಸಿದರೆ ಸಾಕಿತ್ತು, 2025ರ ಜನವರಿ 1ರಿಂದ ಕನಿಷ್ಠ ಹದಿನೈದು ದಿನಕ್ಕೊಮ್ಮೆ ಕಳಿಸಬೇಕು ಅಂತ ಆರ್‌ಬಿಐ ಹೇಳಿತು. ಆಗ ಎಷ್ಟೋ ಕಡೆ ಹಳೇ ಜಾಬನ್ನೇ ಕಾಪಿ ಮಾಡಿ ಇನ್ನೊಂದು ತಾರೀಕಿಗೆ ಹಚ್ಚಿದ್ದಿರಬಹುದು. ನಿಮ್ಮಲ್ಲಿ ಒಂದಿದೆಯೋ ಎರಡಿದೆಯೋ ನೋಡಿ.

ಮನುಷ್ಯರು ಮರೆತದ್ದನ್ನು ಮೆಷೀನ್ ಹೇಳುತ್ತದೆ. ಪ್ರತಿ ಸರ್ವರಿನ ಕ್ರಾನ್‌ಟ್ಯಾಬ್, ಅಂದರೆ ಕ್ರಾನ್ ಜಾಬ್‌ಗಳ ಪಟ್ಟಿ, ತೆರೆದು ನೋಡಿ. ಬ್ಯಾಂಕುಗಳ ಜೊತೆ ಫೈಲ್ ಕೊಟ್ಟು ತೆಗೆದುಕೊಳ್ಳುವ ಎಸ್‌ಎಫ್‌ಟಿಪಿ ಫೋಲ್ಡರುಗಳಲ್ಲಿ ಇತ್ತೀಚೆಗೆ ಯಾವ ಫೈಲ್ ಬಂದಿದೆ, ಯಾರು ತೆಗೆದುಕೊಂಡಿದ್ದಾರೆ ನೋಡಿ. ಡೇಟಾಬೇಸಿಗೆ ಯಾವ ಯಾವ ಯೂಸರ್ ಹೆಸರಿನಲ್ಲಿ ಕನೆಕ್ಷನ್ ಬರುತ್ತಿದೆ ಅನ್ನೋ ಲಾಗ್ ಬಂಗಾರದಂಥದ್ದು. ಒಂದು ವಾರದ್ದು ನೋಡಿದರೆ ಸಾಲದು, ಕ್ವಾರ್ಟರಿಗೊಮ್ಮೆ ಏಳುವ ಜಾಬ್ ಅದರಲ್ಲಿ ಸಿಗುವುದಿಲ್ಲ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಕೊಟ್ಟ ನಿರ್ದೇಶನದ ಪ್ರಕಾರ 180 ದಿನದ ಲಾಗ್ ಇಟ್ಟುಕೊಂಡಿರಲೇಬೇಕು, ಅಲ್ವಾ? ಸೆಕ್ಯುರಿಟಿ ಟೀಮನ್ನು ಕೇಳಿ ಅದನ್ನೇ ಬಳಸಿ. ಇನ್ನೊಂದು ಜಾಗ ಇದೆ: ಬ್ಯಾಂಕುಗಳಿಗೆ 'ಈ ಐಪಿಗಳಿಂದ ಮಾತ್ರ ಬರ್ತೀವಿ' ಅಂತ ನೀವು ಕೊಟ್ಟಿರುವ ವೈಟ್‌ಲಿಸ್ಟ್ ಪತ್ರ. ಅದರಲ್ಲಿರುವ ಒಂದೊಂದು ಐಪಿ ಹಿಂದೆಯೂ ಒಂದು ವರ್ಕ್‌ಫ್ಲೋ ಇದೆ, ಇಲ್ಲವೇ ಇತ್ತು.

ಓನರ್ ಯಾರು ಅಂತ ಕೇಳಬೇಡಿ

ಹಾಗೆ ಕೇಳಿದರೆ ಎಲ್ಲರೂ ಪಕ್ಕದವರ ಕಡೆ ಕೈ ತೋರಿಸುತ್ತಾರೆ. ಓನರ್ ಅಂದರೆ ಬೈಸಿಕೊಳ್ಳುವವರು ಅಂತ ಎಲ್ಲರಿಗೂ ಗೊತ್ತು. ಪ್ರಶ್ನೆಯನ್ನೇ ಬದಲಾಯಿಸಿ, ಆಪರೇಶನ್ಸ್‌ನಲ್ಲಿ ವರ್ಷಗಟ್ಟಲೆ ಕೂತಿರುವವರ ಹತ್ತಿರ ಹೋಗಿ ಕೇಳಿ. ಮಾತುಕತೆ ಹೆಚ್ಚುಕಮ್ಮಿ ಹೀಗಿರುತ್ತದೆ:

'ಮೇಡಂ, ಬೆಳಗ್ಗೆ ಬ್ಯಾಂಕಿನ ಸೆಟಲ್‌ಮೆಂಟ್ ಫೈಲ್ ಬರ್ಲಿಲ್ಲ ಅಂದ್ರೆ ಮೊದಲು ಯಾರಿಗೆ ಫೋನ್ ಮಾಡ್ತೀರಾ?'

'ಶೀಟಲ್ಲಿ ಪೇಮೆಂಟ್ಸ್ ಟೀಮ್ ಅಂತ ಇದೆಯಪ್ಪ. ಅವರಿಗೆ ಮಾಡಿದ್ರೆ ಡೇಟಾ ಟೀಮಿಗೆ ಹೇಳಿ ಅಂತಾರೆ. ನಾನು ಸೀದಾ ಇನ್‌ಫ್ರಾದಲ್ಲಿರೋ ಹುಡುಗನಿಗೇ ಮಾಡ್ತೀನಿ.'

'ಅವರು ರಜೆ ಇದ್ರೆ?'

'ಇದ್ರೆ ಏನ್ ಮಾಡೋದು, ಅವತ್ತು ರೀಕಾನ್ ಮಧ್ಯಾಹ್ನ ಆಗತ್ತೆ.'

ಈ ನಾಲ್ಕು ಮಾತಿನಲ್ಲಿ ನಿಮಗೆ ಬೇಕಾದ್ದೆಲ್ಲಾ ಇದೆ. ಕಾಗದದ ಮೇಲಿನ ಓನರ್ ಪೇಮೆಂಟ್ಸ್, ನಿಜವಾಗಿ ನೋಡಿಕೊಳ್ಳುತ್ತಿರುವುದು ಇನ್‌ಫ್ರಾದ ಒಬ್ಬ ಹುಡುಗ, ಅವನಿಗೆ ಅದು ತನ್ನ ಕೆಲಸ ಅಂತ ಯಾರೂ ಹೇಳಿಲ್ಲ. ಪೇಮೆಂಟ್ಸ್, ಡೇಟಾ, ಇನ್‌ಫ್ರಾ, ಈ ಮೂರೂ ಹೆಸರನ್ನು ಒಂದು ಹಾಳೆ ಮೇಲೆ ಬರೆದುಕೊಂಡು ಮ್ಯಾನೇಜರುಗಳನ್ನು ಒಂದೇ ರೂಮಿನಲ್ಲಿ ಕೂರಿಸಿ. ಕಾಲ್‌ನಲ್ಲಿ ಮಾಡಬೇಡಿ, ಕ್ಯಾಮೆರಾ ಆಫ್ ಮಾಡಿಕೊಂಡು ತಪ್ಪಿಸಿಕೊಳ್ಳುತ್ತಾರೆ. ಔಟರ್ ರಿಂಗ್ ರೋಡ್ ಟ್ರಾಫಿಕ್ ದಾಟಿ ಎಲ್ಲರೂ ಆಫೀಸಿಗೆ ಬರುವ ದಿನ ಯಾವುದು ನೋಡಿ, ಅವತ್ತೇ ಇಟ್ಟುಕೊಳ್ಳಿ.

ಎಂಟ್ರಿಯಲ್ಲಿ ಓನರ್ ಅಂತ ಹಾಕುವುದು ಗ್ರೂಪಿನ ಹೆಸರು. ಒಬ್ಬರ ಹೆಸರು ಹಾಕಬಹುದು, ಬ್ಯಾಕ್‌ಸ್ಟೇಜ್ ಒಪ್ಪುತ್ತದೆ, ಆದರೆ ಬೆಂಗಳೂರಿನಲ್ಲಿ ಯಾರು ಯಾವಾಗ ನೋಟಿಸ್ ಪೀರಿಯಡ್‌ನಲ್ಲಿ ಇರುತ್ತಾರೋ ಗೊತ್ತಿಲ್ಲ. ಗ್ರೂಪು, ಯೂಸರ್ ಎರಡನ್ನೂ ಕಂಪನಿಯ ಡೈರೆಕ್ಟರಿಯಿಂದಲೇ ಎಳೆದುಕೊಳ್ಳುವ ಹಾಗೆ ಮಾಡಿ. ಎಲ್‌ಡ್ಯಾಪ್, ಮೈಕ್ರೋಸಾಫ್ಟ್‌ನ ಡೈರೆಕ್ಟರಿ, ಗಿಟ್‌ಹಬ್ ಟೀಮುಗಳು, ಇವಕ್ಕೆಲ್ಲಾ ಪ್ಲಗಿನ್ ಇವೆ. ಕೈಯಾರೆ ಗ್ರೂಪ್ ಬರೆದರೆ ಎರಡು ತಿಂಗಳಲ್ಲಿ ಹಳಸುತ್ತದೆ.

ಓನರ್ ಜಾಗ ಒಂದೇ ಇರುವುದು. ನಮ್ಮ ಕೆಲಸದಲ್ಲಿ ಇಬ್ಬರು ಬೇಕು: ಕೋಡ್ ನೋಡುವವರು ಒಬ್ಬರು, ಲೆಕ್ಕಕ್ಕೆ ಉತ್ತರ ಕೊಡುವವರು ಒಬ್ಬರು. ಓನರ್ ಜಾಗಕ್ಕೆ ಟೆಕ್ ಗ್ರೂಪ್ ಹಾಕಿ, ಬಿಸಿನೆಸ್ ಓನರ್ ಅನ್ನೋದನ್ನು ನಿಮ್ಮ ಕಂಪನಿ ಹೆಸರಿನ ಅನೊಟೇಶನ್ (ಎಂಟ್ರಿಗೆ ನೀವೇ ಸೇರಿಸುವ ಟಿಪ್ಪಣಿ) ಮಾಡಿಕೊಂಡು ಅದರಲ್ಲಿ ಬರೆಯಿರಿ. ಯಾರೂ ಒಪ್ಪಿಕೊಳ್ಳದ ವರ್ಕ್‌ಫ್ಲೋಗಳು ಒಂದಷ್ಟು ಉಳಿಯುತ್ತವೆ. ಅವಕ್ಕೆಲ್ಲಾ 'ಇತರೆ' ಅಂತ ಒಂದು ಗ್ರೂಪ್ ಮಾಡುವ ಆಸೆ ಬರುತ್ತದೆ. ಮಾಡಬೇಡಿ, ಅದು ಕಸದ ಬುಟ್ಟಿ ಆಗುತ್ತದೆ. ಆ ವಿಭಾಗದ ಹೆಡ್ ಹೆಸರಿನ ಗ್ರೂಪಿಗೆ ಹಾಕಿ, ಒಂದು ವಾರದಲ್ಲಿ ಅವರೇ ಸರಿಯಾದವರನ್ನು ಹುಡುಕಿ ಕೊಡುತ್ತಾರೆ.

ಯಾವುದು ಯಾವ ಡಬ್ಬಕ್ಕೆ

ಬ್ಯಾಕ್‌ಸ್ಟೇಜ್‌ನಲ್ಲಿ ಮೊದಲೇ ಬರುವ ಬಗೆಗಳು ಇವು: ಡೊಮೇನ್, ಸಿಸ್ಟಮ್, ಕಾಂಪೊನೆಂಟ್, ಎಪಿಐ, ರಿಸೋರ್ಸ್, ಜೊತೆಗೆ ಗ್ರೂಪ್, ಯೂಸರ್, ಲೊಕೇಶನ್, ಟೆಂಪ್ಲೇಟ್. 'ಸಾಲ' ಒಂದು ಡೊಮೇನ್. 'ಹಣ ಬಿಡುಗಡೆ' ಅದರೊಳಗೆ ಒಂದು ಸಿಸ್ಟಮ್. ಅದರ ಸರ್ವೀಸು, ಜಾಬು ಎಲ್ಲಾ ಕಾಂಪೊನೆಂಟ್. ಡೇಟಾಬೇಸ್, ಕ್ಯೂ, ಎಸ್‌ಎಫ್‌ಟಿಪಿ ಫೋಲ್ಡರ್ ರಿಸೋರ್ಸ್.

ವರ್ಕ್‌ಫ್ಲೋ ಅನ್ನೋ ಬಗೆಯೇ ಇಲ್ಲ, ನೋಡಿದಿರಾ? ಇಲ್ಲೇ ಟೀಮುಗಳು ಗಂಟೆಗಟ್ಟಲೆ ಜಗಳ ಆಡುವುದು. ಹೊಸ ಬಗೆಯನ್ನೇ ಸೃಷ್ಟಿಸಬಹುದು, ಅದಕ್ಕೆ ಪ್ರೊಸೆಸರ್ ಕೋಡ್ ಬರೆದು ಮುಂದೆ ಪ್ರತಿ ಅಪ್‌ಗ್ರೇಡಿನಲ್ಲೂ ಅದನ್ನು ಸಾಕಬೇಕು. ಶುರುವಿನಲ್ಲಿ ಅದು ಬೇಡವೇ ಬೇಡ. ಕಾಂಪೊನೆಂಟ್‌ನಲ್ಲಿ ಟೈಪ್ ಅನ್ನೋ ಜಾಗಕ್ಕೆ ನಿಮಗೆ ಬೇಕಾದ ಪದ ಹಾಕಬಹುದು, ಅಲ್ಲಿ 'ವರ್ಕ್‌ಫ್ಲೋ' ಅಂತ ಹಾಕಿ. ಅದು ಮುಟ್ಟುವ ಸರ್ವೀಸು, ಡೇಟಾಬೇಸುಗಳನ್ನು ಡಿಪೆಂಡ್ಸ್-ಆನ್ ಕೆಳಗೆ ಬರೆಯಿರಿ. ಮುಗೀತು. ಒಂದು ವರ್ಷ ಆದಮೇಲೂ ಸಾಲದು ಅನಿಸಿದರೆ ಆಗ ಹೊಸ ಬಗೆ ಯೋಚಿಸಿ.

ಬ್ಯಾಂಕು, ಬ್ಯೂರೋ, ಯುಪಿಐ ನಡೆಸುವ ಎನ್‌ಪಿಸಿಐ ಕಡೆಯ ಸಂಪರ್ಕಗಳೂ ಕ್ಯಾಟಲಾಗ್‌ನಲ್ಲಿ ಇರಬೇಕು, ಇಲ್ಲದಿದ್ದರೆ ನಕ್ಷೆ ಅರ್ಧಕ್ಕೆ ನಿಲ್ಲುತ್ತದೆ. ಅವನ್ನು ರಿಸೋರ್ಸ್ ಮಾಡಿ, ಟೈಪ್ 'ಹೊರಗಿನದು'. ಓನರ್ ಜಾಗದಲ್ಲಿ ಬ್ಯಾಂಕಿನ ಹೆಸರು ಹಾಕಬೇಡಿ. ಆ ಬ್ಯಾಂಕಿನ ಜೊತೆ ಮಾತಾಡುವ ನಿಮ್ಮ ಟೀಮಿನ ಹೆಸರು ಹಾಕಿ.

ಒಂದು ಫೈಲ್, ಸಾಲು ಸಾಲಾಗಿ

ಯುಪಿಐ ರೀಫಂಡ್ ರೀಕಾನ್ ತಗೊಳ್ಳೋಣ. ಫೈಲಿನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಬರೆಯುವುದು, ಇಲ್ಲಿ ಓದಲು ಸುಲಭ ಆಗಲಿ ಅಂತ ಕನ್ನಡದಲ್ಲಿ ಕೊಟ್ಟಿದ್ದೇನೆ:

ಕೈಂಡ್: ಕಾಂಪೊನೆಂಟ್
ನೇಮ್: ಯುಪಿಐ-ರೀಫಂಡ್-ರೀಕಾನ್
ಟೈಟಲ್: ಯುಪಿಐ ರೀಫಂಡ್ ತಾಳೆ
ಟೈಪ್: ವರ್ಕ್‌ಫ್ಲೋ
ಲೈಫ್‌ಸೈಕಲ್: ಪ್ರೊಡಕ್ಷನ್
ಓನರ್: ಗ್ರೂಪ್, ಪೇಮೆಂಟ್ಸ್-ಟೆಕ್
ಸಿಸ್ಟಮ್: ರೀಫಂಡ್
ಡಿಪೆಂಡ್ಸ್-ಆನ್: ಸೆಟಲ್‌ಮೆಂಟ್-ಎಸ್‌ಎಫ್‌ಟಿಪಿ, ಲೆಡ್ಜರ್-ಡಿಬಿ, ರೀಫಂಡ್-ಸರ್ವೀಸ್
ಅನೊಟೇಶನ್: ಬಿಸಿನೆಸ್-ಓನರ್, ಗಡುವು, ಓಡುವ ಸಮಯ

ನೇಮ್ 63 ಅಕ್ಷರ ಮೀರುವಂತಿಲ್ಲ. ಇಂಗ್ಲಿಷ್ ಅಕ್ಷರ, ಅಂಕಿ, ನಡುವೆ ಗೆರೆ ಅಥವಾ ಚುಕ್ಕಿ, ಅಷ್ಟೇ ನಡೆಯುವುದು. ಟೈಟಲ್, ಡಿಸ್ಕ್ರಿಪ್ಷನ್ ಕನ್ನಡದಲ್ಲಿ ಬರೆದರೂ ಸರಿಯಾಗಿ ಕಾಣುತ್ತದೆ, ಆಪರೇಶನ್ಸ್ ಟೀಮಿಗೆ ಅದು ಇಷ್ಟವಾಗುತ್ತದೆ. ನೇಮ್ ಒಳಗೆ ಟೀಮಿನ ಹೆಸರು ತುರುಕಬೇಡಿ. ರೀ-ಆರ್ಗ್ ಆದಾಗ ಟೀಮಿನ ಹೆಸರು ಬದಲಾಗುತ್ತದೆ, ಆದರೆ ಎಂಟ್ರಿಯ ನೇಮ್ ಬದಲಾಯಿಸಿದರೆ ಕ್ಯಾಟಲಾಗ್ ಅದನ್ನು ಬೇರೆಯೇ ಎಂಟ್ರಿ ಅಂದುಕೊಳ್ಳುತ್ತದೆ, ಹಳೇ ಹೆಸರಿಗೆ ಕಟ್ಟಿದ್ದ ಸಂಬಂಧಗಳೆಲ್ಲಾ ತುಂಡಾಗುತ್ತವೆ.

ಡಿಸ್ಕ್ರಿಪ್ಷನ್‌ನಲ್ಲಿ 'ಇದು ರೀಫಂಡ್ ರೀಕಾನ್ ಮಾಡುತ್ತದೆ' ಅಂತ ಸುಮ್ನೆ ಬರೆದರೆ ಏನು ಉಪಯೋಗ? ಹೆಸರೇ ಅದನ್ನು ಹೇಳುತ್ತಿದೆ. ಇದು ನಿಂತರೆ ಏನಾಗುತ್ತದೆ ಅಂತ ಬರೆಯಿರಿ. ಯುಪಿಐನಲ್ಲಿ ಹಣ ಕಳಿಸುವವರ ಖಾತೆಯಿಂದ ಕಟ್ ಆಗಿ ಪಡೆಯುವವರ ಖಾತೆಗೆ ಸೇರದಿದ್ದರೆ ಟಿ+1, ಅಂದರೆ ವ್ಯವಹಾರ ನಡೆದ ಮರುದಿನದೊಳಗೆ ವಾಪಸ್ ಆಗಬೇಕು, ಅಂಗಡಿಗೆ ಮಾಡಿದ ಪಾವತಿಯಾದರೆ ಟಿ+5, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಇದು 2019ರ ಸೆಪ್ಟೆಂಬರಿನ ಆರ್‌ಬಿಐ ಸುತ್ತೋಲೆ. 'ಈ ಜಾಬ್ ಒಂದು ದಿನ ನಿಂತರೆ ಟಿ+1 ದಾಟುತ್ತದೆ, ಪರಿಹಾರದ ಲೆಕ್ಕ ಶುರುವಾಗುತ್ತದೆ' ಅಂತ ಡಿಸ್ಕ್ರಿಪ್ಷನ್‌ನಲ್ಲಿ ಇದ್ದರೆ, ರಾತ್ರಿ ಎರಡು ಗಂಟೆಗೆ ಅಲರ್ಟ್ ಬಂದ ಹೊಸ ಹುಡುಗಿಗೆ ಈಗಲೇ ಏಳಬೇಕೋ ಬೆಳಗ್ಗೆ ನೋಡಬಹುದೋ ಅನ್ನೋದು ಓದಿದ ತಕ್ಷಣ ತಿಳಿಯುತ್ತದೆ. ಗಡುವು ಅನ್ನೋ ಅನೊಟೇಶನ್‌ನಲ್ಲೂ ಇದೇ ಟಿ+1.

ರನ್‌ಬುಕ್ಕನ್ನು, ಅಂದರೆ ತೊಂದರೆ ಆದಾಗ ಏನು ಮಾಡಬೇಕು ಅನ್ನೋ ಸೂಚನೆಯನ್ನು, ಬ್ಯಾಕ್‌ಸ್ಟೇಜ್‌ನ ಡಾಕ್ಯುಮೆಂಟ್ ಭಾಗವಾದ ಟೆಕ್‌ಡಾಕ್ಸ್‌ನಲ್ಲಿ ಹಾಕಿ. ಕೋಡಿನ ಪಕ್ಕದಲ್ಲೇ ಮಾರ್ಕ್‌ಡೌನ್ ಫೈಲ್ ಇರುತ್ತದೆ, ಎಂಟ್ರಿಯ ಪುಟದಲ್ಲೇ ತೆರೆಯುತ್ತದೆ. ಹಳೇ ಕಾನ್‌ಫ್ಲುಯೆನ್ಸ್ ಪುಟ ಪೂರ್ತಿ ಎತ್ತಿ ಹಾಕೋ ಅಗತ್ಯ ಇಲ್ಲ. ನಿಲ್ಲಿಸೋದು ಹೇಗೆ, ಮತ್ತೆ ಓಡಿಸೋದು ಹೇಗೆ, ಎರಡು ಸಲ ಓಡಿದರೆ ರೀಫಂಡ್ ಎರಡು ಸಲ ಹೋಗುತ್ತದಾ: ಈ ಮೂರಕ್ಕೆ ಉತ್ತರ ಇದ್ದರೆ ಸಾಕು. ಮೂರನೆಯದಕ್ಕೆ ಯಾರಿಗೂ ಖಚಿತ ಉತ್ತರ ಗೊತ್ತಿಲ್ಲದಿದ್ದರೆ ಕ್ಯಾಟಲಾಗ್ ಕೆಲಸ ಪಕ್ಕಕ್ಕಿಟ್ಟು ಮೊದಲು ಅದನ್ನು ನೋಡಿ.

ಏನು ಬರೆಯಬಾರದು

ಬ್ಯಾಕ್‌ಸ್ಟೇಜ್‌ನಲ್ಲಿ ಪರ್ಮಿಷನ್ ವ್ಯವಸ್ಥೆ ಆನ್ ಮಾಡದಿದ್ದರೆ ಲಾಗಿನ್ ಆದ ಎಲ್ಲರಿಗೂ ಎಲ್ಲಾ ಕಾಣುತ್ತದೆ. ಯಾರು ಬೇಕಾದರೂ ಒಂದು ಎಂಟ್ರಿಯನ್ನು ತೆಗೆದುಹಾಕಲೂಬಹುದು. ಮೊದಲ ದಿನವೇ ಆನ್ ಮಾಡಿ, ಎಂಟ್ರಿ ತೆಗೆಯುವ ಅಧಿಕಾರ ಓನರ್ ಗ್ರೂಪಿಗೆ ಮಾತ್ರ ಕೊಡಿ.

ಪಾಸ್‌ವರ್ಡ್, ಕೀ, ನೋಡಲ್ ಖಾತೆಯ ನಂಬರ್, ಬ್ಯಾಂಕಿನ ಐಪಿ ಇವೆಲ್ಲಾ ಅನೊಟೇಶನ್‌ನಲ್ಲಿ ಬರಬಾರದು. ಸೀಕ್ರೆಟ್ ಎಲ್ಲಿದೆ ಅನ್ನೋ ವಾಲ್ಟ್ ಪಾತ್ ಸಾಕು. ಜಾಸ್ತಿ ಹುಷಾರಾಗಿರಬೇಕಾದ್ದು ರನ್‌ಬುಕ್ ವಿಷಯದಲ್ಲಿ. 'ಉದಾಹರಣೆಗೆ ಈ ಟ್ರಾನ್ಸಾಕ್ಷನ್ ನೋಡಿ' ಅಂತ ಯಾರೋ ನಿಜವಾದ ಗ್ರಾಹಕರ ಮೊಬೈಲ್ ನಂಬರ್, ಯುಪಿಐ ಐಡಿ ಇರುವ ಲಾಗ್ ಅಂಟಿಸಿರುತ್ತಾರೆ. ಪೇಮೆಂಟ್ ಡೇಟಾ ಭಾರತದೊಳಗೇ ಇರಬೇಕು ಅಂತ ಆರ್‌ಬಿಐ 2018ರ ಏಪ್ರಿಲ್‌ನಲ್ಲೇ ಹೇಳಿದೆ. ನಿಮ್ಮ ಬ್ಯಾಕ್‌ಸ್ಟೇಜ್ ಬೇರೆ ಯಾರೋ ವಿದೇಶದ ಸರ್ವರಿನಲ್ಲಿ ಹೋಸ್ಟ್ ಮಾಡಿಕೊಡುತ್ತಿರುವುದಾದರೆ ಆ ಒಂದು ಲಾಗೇ ತಲೆನೋವಾಗುತ್ತದೆ. ಸಾಗಿಸುವ ಮೊದಲೇ ಹತ್ತು ಅಂಕಿಯ ನಂಬರುಗಳನ್ನು, ಪ್ಯಾನ್ ಮಾದರಿಯ ಅಕ್ಷರಗಳನ್ನು ಹುಡುಕುವ ಸಣ್ಣ ಸ್ಕ್ರಿಪ್ಟ್ ಓಡಿಸಿ.

ಒಳಗೆ ತರುವ ಕೆಲಸ

ಮೊದಲ ವರ್ಕ್‌ಫ್ಲೋ ಯಾವುದು ಅನ್ನೋದು ಮುಖ್ಯ. ಹಣ ಬಿಡುಗಡೆಯಂಥ ಬಿಸಿ ವಿಷಯ ಬೇಡ. ಊಟದ ಕೂಪನ್ ಜಾಬ್‌ನಂಥದ್ದೂ ಬೇಡ, ಅದು ಸರಿಯಾಯಿತು ಅಂದರೆ ಯಾರೂ ನಂಬುವುದಿಲ್ಲ. ದಿನಾ ಓಡುವ, ಎರಡು ಮೂರು ಟೀಮು ಮುಟ್ಟುವ, ಆದರೆ ಹಣ ಕಳಿಸದ ಒಂದು ರೀಕಾನ್ ಆರಿಸಿ.

ಲೋಕಲ್‌ನಲ್ಲಿ ಬ್ಯಾಕ್‌ಸ್ಟೇಜ್ ಆಪ್ ಹೊಸದಾಗಿ ಮಾಡಿದಾಗ ಅದು ಮೆಮೊರಿಯಲ್ಲಿರುವ ಎಸ್‌ಕ್ಯುಲೈಟ್ ಬಳಸುತ್ತದೆ. ರೀಸ್ಟಾರ್ಟ್ ಆದರೆ ಎಲ್ಲಾ ಖಾಲಿ. ಡೆಮೊ ಕೊಡುವ ಮುಂಚೆಯೇ ಪೋಸ್ಟ್‌ಗ್ರೆಸ್‌ಗೆ ಬದಲಾಯಿಸಿ.

ಎಂಟ್ರಿಗಳನ್ನು ಒಂದೊಂದಾಗಿ ಯುಆರ್‌ಎಲ್ ಕೊಟ್ಟು ಸೇರಿಸಬಹುದು, ಅಥವಾ ಗಿಟ್‌ಹಬ್, ಗಿಟ್‌ಲ್ಯಾಬ್‌ನಲ್ಲಿ ಫೈಲುಗಳನ್ನು ತಾನೇ ಹುಡುಕುವ ಡಿಸ್ಕವರಿ ಹಚ್ಚಬಹುದು. ಎರಡರಲ್ಲಿ ಒಂದನ್ನು ಆರಿಸಿ. ಒಂದೇ ಎಂಟ್ರಿ ಎರಡು ದಾರಿಯಲ್ಲಿ ಬಂದರೆ ಕಾನ್‌ಫ್ಲಿಕ್ಟ್ ಅಂತ ಎರರ್ ಬರುತ್ತದೆ, ಅದು ಸ್ಕ್ರೀನ್ ಮೇಲೆ ಕಾಣದೆ ಲಾಗ್‌ನಲ್ಲಿ ಕೂತಿರುತ್ತದೆ. ಫೈಲ್ ಬದಲಾಯಿಸಿದ ತಕ್ಷಣ ಪುಟ ಬದಲಾಗಲಿಲ್ಲ ಅಂತ ಗಾಬರಿ ಬೇಡ, ಕೆಲವು ನಿಮಿಷ ಹಿಡಿಯುತ್ತದೆ.

ಫೈಲು ಬರೆದು ಕೊಡಿ ಅಂತ ಟೀಮುಗಳಿಗೆ ಮೇಲ್ ಹಾಕಿದರೆ ದೀಪಾವಳಿವರೆಗೂ ಬರುವುದಿಲ್ಲ. ನೀವೇ ಹಳೇ ಶೀಟಿನಿಂದ ಸ್ಕ್ರಿಪ್ಟ್ ಬರೆದು ಪ್ರತಿ ರೆಪೊಗೂ ಪುಲ್ ರಿಕ್ವೆಸ್ಟ್ (ಈ ಬದಲಾವಣೆ ಒಪ್ಪಿ ಅನ್ನೋ ಕೋರಿಕೆ) ಹಾಕಿ. ಓನರ್ ತಪ್ಪಿದ್ದರೆ ಅವರು ಸುಮ್ಮನಿರುವುದಿಲ್ಲ, ಕೂಡಲೇ ಕಾಮೆಂಟ್ ಮಾಡುತ್ತಾರೆ. ನಮಗೆ ಬೇಕಾಗಿದ್ದೂ ಅದೇ! ಸಿಐನಲ್ಲಿ, ಅಂದರೆ ಮರ್ಜ್‌ಗೆ ಮೊದಲು ತಾನಾಗಿ ಓಡುವ ಪರೀಕ್ಷೆಗಳಲ್ಲಿ, ಒಂದು ಚೆಕ್ ಇಡಿ: ಓನರ್ ಗ್ರೂಪ್ ನಿಜವಾಗಿ ಇದೆಯಾ, ಲೈಫ್‌ಸೈಕಲ್ ನೀವು ಒಪ್ಪಿದ ಪದಗಳಲ್ಲೇ ಇದೆಯಾ, ಬಿಸಿನೆಸ್ ಓನರ್ ಇದೆಯಾ, ಡಿಪೆಂಡ್ಸ್-ಆನ್‌ನಲ್ಲಿ ಹೇಳಿದ್ದು ಕ್ಯಾಟಲಾಗ್‌ನಲ್ಲಿ ಉಂಟಾ. ಇಲ್ಲದ ಗ್ರೂಪನ್ನು ಓನರ್ ಅಂತ ಹಾಕಿದರೂ ಬ್ಯಾಕ್‌ಸ್ಟೇಜ್ ತಾನಾಗಿ ತಡೆಯುವುದಿಲ್ಲ.

ಟೆಂಪ್ಲೇಟಿನಿಂದ ಹೊಸ ಸರ್ವೀಸ್ ಹುಟ್ಟಿಸುವ ಬ್ಯಾಕ್‌ಸ್ಟೇಜ್ ಭಾಗ, ಸ್ಕ್ಯಾಫೋಲ್ಡರ್ ಬಗ್ಗೆ ಒಂದು ಮಾತು. ಹೊಸ ಸರ್ವೀಸ್ ಶುರು ಮಾಡಲು ಟೆಂಪ್ಲೇಟ್ ಕೊಡುವುದು ಒಳ್ಳೆಯದೇ, ಸರಿಯಾದ ಮಾಹಿತಿ ಫೈಲ್ ಜೊತೆಗೇ ಹುಟ್ಟುತ್ತದೆ. ಆದರೆ 'ಪೇಔಟ್ ಮತ್ತೆ ಓಡಿಸಿ' ಅಂತ ಒಂದು ಬಟನ್ ಅಲ್ಲೇ ಇಡೋಣ ಅನ್ನುವವರು ಬರುತ್ತಾರೆ. ಅದರೊಳಗೆ ಮೇಕರ್-ಚೆಕರ್, ಅಂದರೆ ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ನೋಡಿ ಒಪ್ಪುವ ವ್ಯವಸ್ಥೆ, ತಾನಾಗಿ ಬರುವುದಿಲ್ಲ. ಹಣ ಕದಲಿಸುವ ಯಾವುದೂ ಅಲ್ಲಿ ಬೇಡ.

ಆಡಿಟರ್ ಕೇಳುವ ಮೊದಲು

ಐಟಿ ಗವರ್ನೆನ್ಸ್ ಕುರಿತ ಆರ್‌ಬಿಐ ಮಾಸ್ಟರ್ ಡೈರೆಕ್ಷನ್ 2023ರ ನವೆಂಬರಿನಲ್ಲಿ ಬಂತು, 2024ರ ಏಪ್ರಿಲ್ 1ರಿಂದ ಜಾರಿಯಾಯಿತು. ಡೇಟಾ ಸಾಗಿಸುವಾಗ ಲಿಖಿತ ಪಾಲಿಸಿ ಇರಬೇಕು, ಬಿಸಿನೆಸ್‌ನವರೂ ಅಪ್ಲಿಕೇಶನ್ ಓನರುಗಳೂ ಸೈನ್-ಆಫ್ ಕೊಡಬೇಕು ಅಂತ ಅದರಲ್ಲಿದೆ. ನೀವು ಸಾಗಿಸುತ್ತಿರುವುದು ಗ್ರಾಹಕರ ಡೇಟಾ ಅಲ್ಲ, ನಿಜ. ಆದರೂ ಅದೇ ಶಿಸ್ತಿನಲ್ಲಿ ಮಾಡಿದರೆ ಆಮೇಲೆ ವಿವರಣೆ ಕೊಡುವುದು ತಪ್ಪುತ್ತದೆ. ಪುಲ್ ರಿಕ್ವೆಸ್ಟ್‌ನಲ್ಲಿ ಇಬ್ಬರೂ ಓನರುಗಳ ಒಪ್ಪಿಗೆ ಕಡ್ಡಾಯ ಮಾಡಿದರೆ ಸೈನ್-ಆಫ್ ದಾಖಲೆ ಅಲ್ಲೇ ಸಿಕ್ಕಿತು. ಐಟಿ ಹೊರಗುತ್ತಿಗೆಯ ಡೈರೆಕ್ಷನ್, 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದದ್ದು, ಹೊರಗಿನ ಸೇವೆಗಳ ಪಟ್ಟಿ ಇಟ್ಟುಕೊಳ್ಳಿ ಅನ್ನುತ್ತದೆ. ಮೇಲೆ 'ಹೊರಗಿನದು' ಅಂತ ಟೈಪ್ ಕೊಟ್ಟೆವಲ್ಲ, ಫಿಲ್ಟರ್ ಹಾಕಿದರೆ ಆ ಪಟ್ಟಿಗೆ ಒಳ್ಳೇ ಆಧಾರ ಸಿಗುತ್ತದೆ.

ಸೈಬರ್ ಘಟನೆ ಗೊತ್ತಾದ 6 ಗಂಟೆಯೊಳಗೆ ಸರ್ಟ್-ಇನ್‌ಗೆ ತಿಳಿಸಬೇಕು. ಅದರಲ್ಲಿ ಎರಡು ಗಂಟೆ 'ಈ ಸರ್ವೀಸ್ ಯಾರದ್ದು' ಅಂತ ಕೇಳೋದರಲ್ಲೇ ಹೋದರೆ ಹೇಗೆ? ಇದನ್ನು ಒಮ್ಮೆ ಆಡಿ ನೋಡಿ. ಬೇರೆ ಟೀಮಿನ ಒಬ್ಬರನ್ನು ಕೂರಿಸಿ, ಒಂದು ವರ್ಕ್‌ಫ್ಲೋ ಹೆಸರು ಕೊಟ್ಟು, ಕ್ಯಾಟಲಾಗ್ ಮಾತ್ರ ನೋಡಿ ಓನರ್, ರನ್‌ಬುಕ್, ಇದು ನಿಂತರೆ ಇನ್ನೇನು ನಿಲ್ಲುತ್ತದೆ ಅನ್ನೋದನ್ನು ಹುಡುಕಲು ಹೇಳಿ. ಪಕ್ಕದವರನ್ನು ಕೇಳುವಂತಿಲ್ಲ. ಎಲ್ಲಿ ತಡವರಿಸುತ್ತಾರೋ ಅಲ್ಲಿ ಎಂಟ್ರಿ ಸರಿಯಿಲ್ಲ.

ಹಳೇ ಶೀಟಿಗೆ ಬೀಗ

ಎರಡೂ ಕಡೆ ತಿದ್ದಲು ಬಿಟ್ಟರೆ ಜನ ಹಳೇದನ್ನೇ ತಿದ್ದುತ್ತಾರೆ. ಒಂದು ಡೊಮೇನ್ ಸಾಗಿದ ದಿನವೇ ಶೀಟಿನಲ್ಲಿ ಆ ಸಾಲುಗಳನ್ನು ರೀಡ್-ಓನ್ಲಿ ಮಾಡಿ, ಪಕ್ಕದಲ್ಲಿ ಕ್ಯಾಟಲಾಗ್ ಲಿಂಕ್ ಹಾಕಿ. ಅಲರ್ಟ್ ಮೆಸೇಜುಗಳಲ್ಲೂ ಎಂಟ್ರಿಯ ಲಿಂಕ್ ಬರುವಂತೆ ಮಾಡಿ. ಬೇಡ ಅಂದರೂ ದಿನಾ ಅಲ್ಲಿಗೇ ಹೋಗಬೇಕಾದಾಗ ಪುಟದಲ್ಲಿನ ತಪ್ಪುಗಳು ತಾವಾಗಿ ತಿದ್ದಿಕೊಳ್ಳುತ್ತವೆ. ಎಚ್‌ಆರ್ ಎಕ್ಸಿಟ್ ಚೆಕ್‌ಲಿಸ್ಟಿಗೆ 'ಕ್ಯಾಟಲಾಗ್‌ನಲ್ಲಿ ಇವರ ಹೆಸರಿದೆಯಾ' ಅನ್ನೋ ಒಂದು ಸಾಲು ಸೇರಿಸಲು ಹೇಳಿ, ಮೂರು ತಿಂಗಳಿಗೊಮ್ಮೆ ಪ್ರತಿ ಓನರ್ ಗ್ರೂಪಿಗೂ ಅವರ ಪಟ್ಟಿ ಕಳಿಸಿ 'ಹೌದು, ನಮ್ಮದೇ' ಅನ್ನಿಸಿಕೊಳ್ಳಿ.

ಕೊನೇ ಡೊಮೇನ್ ಸಾಗಿದ ಮೇಲೆ ಶೀಟಿನ ಪೂರ್ತಿ ಕಾಪಿ ಒಂದನ್ನು ತಾರೀಕು ಹಾಕಿ ಆಡಿಟ್ ಫೋಲ್ಡರಿನಲ್ಲಿ ಇಡಿ. ಆಮೇಲೆ ಎಡಿಟ್ ಅಧಿಕಾರ ಎಲ್ಲರದ್ದೂ ತೆಗೆಯಿರಿ, ನಿಮ್ಮದೂ ಸೇರಿಸಿ.